ನಿರ್ವಾತಗೃಹದಲ್ಲಿ ದರ್ಪಣಸ್ಥಾಪನೆ



ಮನೆಯ ಗೋಡೆಗೆ ಕನ್ನಡಿಯನ್ನು ತೂಗುಹಾಕಬೇಕಾದರೆ ಒಂದು ಮೊಳೆ, ಒಂದು ಸುತ್ತಿಗೆ, ಒಂದು ಗೇಣು ದಾರ, ಇಷ್ಟಿದ್ದರೆ ಸಾಕು. ಅದು ಸ್ವಲ್ಪ ಓರೆಯಾಗಿ ನಿಂತರೂ ಮುಖ ಕಾಣುವುದಕ್ಕೆ ಅಡ್ಡಿಯಿಲ್ಲ. ಮನೆಯವರು ಎರಡು ದಿನ ಆಕ್ಷೇಪಿಸಿ ಮೂರನೆಯ ದಿನ ಸುಮ್ಮನಾಗುತ್ತಾರೆ. ಇಂದು ನಾನು ತಮ್ಮೆದುರಿಗೆ ಇಡಬೇಕೆಂದಿರುವ ವಿಷಯವೂ ಕನ್ನಡಿಯನ್ನು ತೂಗುಹಾಕುವುದೇ. ಆದರೆ ಈ ಕನ್ನಡಿಯ ತೂಕ ೪೦ ಕಿಲೋಗ್ರಾಂ. ಅದನ್ನು ಹೊರುವ ದಾರ ಗಾಜಿನ ಎಳೆ. ತೂಗುವ ಸ್ಥಳವೋ, ಗಾಳಿಯೆಂಬುದೇ ಉಳಿಯಬಾರದ ಒಂದು ಉಕ್ಕಿನ ಗೃಹ. ಇಲ್ಲಿ ಓರೆಯಾದರೆ ಆಕ್ಷೇಪಿಸುವವರು ಮನೆಯವರಲ್ಲ. ನೂರಾರು ವಿಜ್ಞಾನಿಗಳ ವರ್ಷಗಳ ದುಡಿಮೆಯೇ ನಿಂತುಹೋಗುತ್ತದೆ. ಇಂಥ ಕನ್ನಡಿಯನ್ನು ಮನುಷ್ಯರು ತಮ್ಮ ಕೈಯಿಂದಲೇ ಹೇಗೆ ತೂಗುತ್ತಾರೆ, ತೂಗಿದ ಮೇಲೆ ಏನೇನು ಕಷ್ಟಗಳು ಬಂದವು, ಎಂಬುದೇ ಈ ಹೊತ್ತಿನ ಮಾತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಲೈಗೋ ಎಂಬ ಹೆಸರಿನ ಎರಡು ವೀಕ್ಷಣಾಲಯಗಳಿವೆ. ಒಂದು ವಾಯವ್ಯ ಮೂಲೆಯ ವಾಷಿಂಗ್ಟನ್ ಸಂಸ್ಥಾನದ ಹ್ಯಾನ್‌ಫರ್ಡ್ ಎಂಬಲ್ಲಿ, ಮತ್ತೊಂದು ದಕ್ಷಿಣದ ಲೂಯಿಸಿಯಾನ ಸಂಸ್ಥಾನದ ಲಿವಿಂಗ್‌ಸ್ಟನ್ ಎಂಬಲ್ಲಿ. ವೀಕ್ಷಣಾಲಯವೆಂದೊಡನೆ ಗುಮ್ಮಟವೂ ದೂರದರ್ಶಕವೂ ನಮ್ಮ ಕಣ್ಣಮುಂದೆ ಬರುತ್ತವೆ. ಇಲ್ಲಿ ಅವೆರಡೂ ಇಲ್ಲ. ಬಡಗಿಯ ಮೂಲೆಮಟ್ಟದ ಹಾಗೆ ಒಂದಕ್ಕೊಂದು ಲಂಬವಾಗಿ ಚಾಚಿರುವ ಎರಡು ಉಕ್ಕಿನ ಕೊಳವೆಗಳು, ಒಂದೊಂದರ ಉದ್ದವೂ ೪ ಕಿಲೋಮೀಟರು. ಲೇಸರ್ ಎಂಬ ಏಕವರ್ಣದ ಬೆಳಕಿನ ಕಿರಣವನ್ನು ಮೂಲೆಯಲ್ಲಿ ಎರಡಾಗಿ ಸೀಳಿ ಎರಡು ತೋಳುಗಳೊಳಕ್ಕೂ ಕಳುಹುತ್ತಾರೆ. ತುದಿಯ ಕನ್ನಡಿಗಳಿಂದ ಅದು ಹಿಂದಿರುಗಿ ಬಂದು ಮೂಲೆಯಲ್ಲಿ ಮತ್ತೆ ಕೂಡುತ್ತದೆ. ಎರಡು ತೋಳುಗಳ ಅಳತೆ ಹೊಂದಿಕೊಂಡಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಬೆಳಕು ಬೆಳಕನ್ನೇ ಅಳಿಸಿಬಿಡುತ್ತದೆ. ಒಂದು ತೋಳು ಅಣುವಿನಷ್ಟು ಉದ್ದವಾಗಿ ಇನ್ನೊಂದು ಅಣುವಿನಷ್ಟು ಕುಗ್ಗಿದರೂ ಕತ್ತಲಿದ್ದ ಕಡೆ ಮಿಣುಕು ಕಾಣಿಸುತ್ತದೆ.

ಅಣುವಿನಷ್ಟು ಎಂದೆ, ಅದು ತೀರ ಉದಾರವಾದ ಮಾತಾಯಿತು. ಐನ್‌ಸ್ಟೈನ್ ಮಹಾಶಯರು ೧೯೧೬ರಲ್ಲಿ ಗುರುತ್ವದ ಅಲೆಗಳುಂಟೆಂದು ಗಣಿತದಿಂದ ತೋರಿಸಿದರು. ಮಹತ್ತಾದ ಎರಡು ಕಾಯಗಳು ಒಂದನ್ನೊಂದು ಸುತ್ತುತ್ತ ಬಂದು ಸಂಘಟ್ಟಿಸಿದಾಗ ದೇಶವೇ, ಎಂದರೆ ಅವಕಾಶವೇ, ಕೊಳದ ನೀರಿನಂತೆ ಅಲೆಯೇಳುತ್ತದೆ. ೨೦೧೫ರ ಸೆಪ್ಟೆಂಬರ್ ೧೪ರಂದು ಅಂಥ ಅಲೆಯೊಂದು ಈ ಎರಡು ವೀಕ್ಷಣಾಲಯಗಳನ್ನೂ ದಾಟಿಹೋಯಿತು. ಸುಮಾರು ೧೩೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ಕಪ್ಪುಕುಳಿಗಳು ಕೂಡಿ ಒಂದಾದುದರ ವಾರ್ತೆ ಅದು. ಆಗ ನಾಲ್ಕು ಕಿಲೋಮೀಟರಿನ ತೋಳಿನಲ್ಲಾದ ವ್ಯತ್ಯಾಸವು ಪರಮಾಣುವಿನ ಬೀಜದಲ್ಲಿರುವ ಒಂದು ಪ್ರೋಟಾನಿನ ವ್ಯಾಸದ ನೂರಾರು ಪಾಲುಗಳಲ್ಲಿ ಒಂದು ಪಾಲು ಮಾತ್ರ. ಆ ಅಲೆಯ ಕೊನೆಯಲ್ಲಿ, ಹೊಸದಾಗಿ ಹುಟ್ಟಿದ ಕಪ್ಪುಕುಳಿಯು ಬಾರಿಸಿಬಿಟ್ಟ ಗಂಟೆಯಂತೆ ಕ್ಷೀಣಿಸುತ್ತ ನಿಲ್ಲಬೇಕೆಂಬುದನ್ನು ೧೯೭೦ರಲ್ಲಿಯೇ ಲೆಕ್ಕಮಾಡಿ ತೋರಿಸಿದ್ದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ೨೦೧೬ರ ಫೆಬ್ರುವರಿ ೧೧ರಂದು ಈ ಶೋಧವು ಪ್ರಕಟವಾದಾಗ ಅದನ್ನು ಕೇಳುವ ಭಾಗ್ಯ ಅವರಿಗೆ ದೊರೆಯಿತು. ಮರುವರ್ಷದ ಜನವರಿಯಲ್ಲಿ ಅವರು ತೀರಿಕೊಂಡರು.

ಇಷ್ಟು ಸೂಕ್ಷ್ಮವಾದ ಅಳತೆಗೆ ಗಾಳಿ ಏಕೆ ಶತ್ರು? ಗಾಳಿಯ ಕಣಗಳು ನಿಲ್ಲದೆ ಓಡಾಡುತ್ತಿರುತ್ತವೆ. ಬೆಳಕಿನ ದಾರಿಯಲ್ಲಿ ಒಂದು ಕಡೆ ಅವು ದಟ್ಟವಾದರೆ ಬೆಳಕು ತಡವಾಗುತ್ತದೆ, ವಿರಳವಾದರೆ ಬೇಗ ಬರುತ್ತದೆ. ಬೇಸಗೆಯ ಮಧ್ಯಾಹ್ನ ರಸ್ತೆಯ ಮೇಲೆ ಕಾಣುವ ಅಲುಗಾಟ ಇದರದೇ ದೊಡ್ಡ ರೂಪ. ಅವೇ ಕಣಗಳು ಕನ್ನಡಿಯ ಮೈಗೆ ಬಡಿದು ಅದನ್ನು ನಡುಗಿಸುತ್ತವೆ. ಶಬ್ದವನ್ನು ಹೊತ್ತು ತರುವುದೂ ಗಾಳಿಯೇ, ಧೂಳನ್ನು ತರುವುದೂ ಅದೇ. ಆದುದರಿಂದ ಕೊಳವೆಗಳನ್ನೂ ಕನ್ನಡಿಗಳಿರುವ ಗೃಹಗಳನ್ನೂ ಪಂಪುಗಳಿಂದ ಬರಿದು ಮಾಡುತ್ತಾರೆ. ಒಂದೊಂದು ವೀಕ್ಷಣಾಲಯದಲ್ಲಿಯೂ ಹೀಗೆ ಬರಿದಾದ ಸ್ಥಳದ ಘನ ಅಳತೆ ಸುಮಾರು ೧೦,೦೦೦ ಘನ ಮೀಟರು. ಮೊದಲ ಸಲ ಅಷ್ಟು ಗಾಳಿಯನ್ನು ತೆಗೆಯುವುದಕ್ಕೆ ೪೦ ದಿನ ಹಿಡಿಯಿತು. ಗಾಳಿ ಹೋದರೂ ಉಕ್ಕಿನ ಮೈಯಲ್ಲಿ ಅಡಗಿದ್ದ ತೇವವೂ ಅನಿಲಗಳೂ ಮೆಲ್ಲಮೆಲ್ಲನೆ ಹೊರಬರುತ್ತಲೇ ಇರುತ್ತವೆ. ಅವನ್ನು ಓಡಿಸುವುದಕ್ಕಾಗಿ ಕೊಳವೆಯ ಉಕ್ಕಿನಲ್ಲಿಯೇ ವಿದ್ಯುತ್ತನ್ನು ಹರಿಸಿ, ೧೫೦ರಿಂದ ೧೭೦ ಡಿಗ್ರಿಗಳವರೆಗೆ ಕಾಯಿಸಿ, ೩೦ ದಿನ ಹಾಗೆಯೇ ಇಟ್ಟರು. ಕಡೆಗೆ ಒಳಗೆ ಉಳಿದ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಲಕ್ಷ ಕೋಟಿ ಪಾಲುಗಳಲ್ಲಿ ಒಂದು ಪಾಲು.

ಇನ್ನು ಕನ್ನಡಿಯ ಸಂಗತಿ. ಮನೆಯ ಕನ್ನಡಿಯ ಹಿಂದೆ ಲೋಹದ ಲೇಪವಿರುತ್ತದೆ. ಇದಕ್ಕೆ ಮುಂದೆ ಲೇಪ. ಅದೂ ಲೋಹದ್ದಲ್ಲ, ಒಂದರ ಮೇಲೊಂದಾಗಿ ಕೂರಿಸಿದ ತೆಳುವಾದ ಪಾರದರ್ಶಕ ಪದರಗಳು. ಅತಿ ಶುದ್ಧವಾದ ಸಿಲಿಕಾ ಗಾಜಿನ ದಪ್ಪ ಬಿಲ್ಲೆ. ವ್ಯಾಸ ೩೪ ಸೆಂಟಿಮೀಟರು, ದಪ್ಪ ೨೦ ಸೆಂಟಿಮೀಟರು. ಇಡ್ಲಿಯ ದೊಡ್ಡ ಪಾತ್ರೆಯಷ್ಟಿದೆ ಎಂದರೆ ಅಡುಗೆಮನೆ ಬಲ್ಲವರಿಗೆ ಗೊತ್ತಾಗುತ್ತದೆ. ಅದರ ಮೇಲೆ ಬಿದ್ದ ಸುಮಾರು ೩೦ ಲಕ್ಷ ಬೆಳಕಿನ ಕಣಗಳಲ್ಲಿ ಒಂದನ್ನು ಮಾತ್ರ ಅದು ನುಂಗುತ್ತದೆ. ಈ ಮಿತವ್ಯಯ ಬೇಕೇಬೇಕು. ಏಕೆಂದರೆ ಎರಡು ಕನ್ನಡಿಗಳ ನಡುವೆ ಹಿಂದುಮುಂದಾಗಿ ಓಡಾಡುವ ಬೆಳಕಿನ ಶಕ್ತಿ ಕೆಲವು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ವಾಟುಗಳಿಗೆ ಮುಟ್ಟಿತು. ಕೂದಲೆಳೆಯ ದಪ್ಪಕ್ಕೂ ಕಡಿಮೆಯಾದ ಕಲೆಯೊಂದು ಆ ಮೈಯಲ್ಲಿದ್ದರೆ ಬೆಳಕನ್ನು ಹೀರಿ ಕಾಯುತ್ತದೆ. ಕಾದ ಕಡೆ ಗಾಜು ಉಬ್ಬುತ್ತದೆ. ಉಬ್ಬಿದ ಕನ್ನಡಿ ಬೆಳಕನ್ನು ದಾರಿ ತಪ್ಪಿಸುತ್ತದೆ. ಇದು ಊಹೆಯ ಮಾತಲ್ಲ. ಲೇಪದಲ್ಲಿಯೇ ಸೇರಿಹೋಗಿದ್ದ ಇಂಥ ಚುಕ್ಕೆಗಳು ಲೈಗೋ ಯಂತ್ರದ ಬೆಳಕನ್ನು ಇನ್ನೂ ಹೆಚ್ಚಿಸದಂತೆ ತಡೆದು ಹಿಡಿದದ್ದುಂಟು.

ಭೂಮಿಯು ಎಂದೂ ಸುಮ್ಮನಿರುವುದಿಲ್ಲ. ದೂರದ ಸಮುದ್ರದ ಅಲೆ, ಹೆದ್ದಾರಿಯ ಲಾರಿ, ಮರವನ್ನು ಅಲುಗಿಸುವ ಗಾಳಿ, ಇವುಗಳಿಂದ ನೆಲ ಸದಾ ನಡುಗುತ್ತಿರುತ್ತದೆ. ಆದುದರಿಂದ ಕನ್ನಡಿಯನ್ನು ಪೀಠದ ಮೇಲೆ ಕೂರಿಸದೆ ಲೋಲಕದಂತೆ ತೂಗುತ್ತಾರೆ. ದಾರದ ಮೇಲ್ತುದಿಯನ್ನು ಬೇಗಬೇಗ ಅಲುಗಿಸಿದರೆ ಕೆಳಗಿನ ಗುಂಡು ಅಲುಗುವುದಿಲ್ಲವೆಂಬುದನ್ನು ಯಾರಾದರೂ ಮನೆಯಲ್ಲಿ ಪರೀಕ್ಷಿಸಬಹುದು. ಒಂದು ಲೋಲಕ ಸಾಲದೆಂದು ಒಂದರ ಕೆಳಗೊಂದು, ಹೀಗೆ ನಾಲ್ಕು, ಕಡೆಯದು ಕನ್ನಡಿ. ಇದಿಷ್ಟೂ ತೂಗುತ್ತಿರುವ ಪೀಠವು ತಾನೇ ನೆಲದ ನಡುಕವನ್ನು ಅಳೆದು ಅದಕ್ಕೆ ಎದುರಾಗಿ ಚಲಿಸಿ ಶಮನಗೊಳಿಸುತ್ತದೆ.

ಉಕ್ಕಿನ ತಂತಿಯಿಂದಲೇ ತೂಗಬಹುದಲ್ಲ, ಮುರಿಯುವ ಗಾಜೇಕೆ ಎಂದು ತಾವು ಕೇಳಬಹುದು. ಈ ಪ್ರಶ್ನೆ ಮುಂದೆ ಬಹಳ ಬೆಲೆಯುಳ್ಳದ್ದಾಗುತ್ತದೆ. ಆದುದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಖವೆಂದರೆ ಪದಾರ್ಥದ ಕಣಗಳ ಕುಣಿತ. ತಣ್ಣಗೆ ಕಾಣುವ ತಂತಿಯೂ ಒಳಗೊಳಗೇ ಕುಣಿಯುತ್ತಿರುತ್ತದೆ. ದೇವಾಲಯದ ಒಳ್ಳೆಯ ಗಂಟೆಯನ್ನು ಒಮ್ಮೆ ಬಾರಿಸಿದರೆ ಅದು ತನ್ನ ಒಂದೇ ಸ್ವರದಲ್ಲಿ ಬಹಳ ಹೊತ್ತು ಮೊಳಗುತ್ತದೆ. ಒಡಕು ಗಂಟೆ ಲೊಟಕ್ಕೆಂದು ಸತ್ತುಹೋಗುತ್ತದೆ, ಅದರ ಸದ್ದಿಗೆ ಸ್ವರವೇ ಇಲ್ಲ. ಶುದ್ಧ ಸಿಲಿಕಾ ಗಾಜು ಒಳ್ಳೆಯ ಗಂಟೆಯ ಜಾತಿಗೆ ಸೇರಿದುದು. ಅದರ ಕುಣಿತವೆಲ್ಲ ತನ್ನ ಸ್ವಂತ ಸ್ವರಗಳಲ್ಲಿಯೇ ಕೂಡಿಕೊಂಡು, ಉಳಿದ ಸ್ವರಗಳೆಲ್ಲ ನಿಶ್ಶಬ್ದವಾಗಿ ಆಕಾಶದ ವಾರ್ತೆಗೆ ತೆರವಾಗಿರುತ್ತವೆ. ಉಕ್ಕಿನ ತಂತಿಯ ಒಳಗಿನ ಘರ್ಷಣೆ ಹೆಚ್ಚು. ಅದರ ಸದ್ದು ಎಲ್ಲ ಸ್ವರಗಳಿಗೂ ಹರಡಿ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ.

ಆ ಗಾಜಿನ ಎಳೆಯನ್ನು ಮಾಡುವ ರೀತಿ ಸೊಗಸಾದುದು. ಸಿಲಿಕಾ ಕಡ್ಡಿಯೊಂದನ್ನು ನಿಲ್ಲಿಸಿ, ಇಂಗಾಲಾಮ್ಲದ ಅನಿಲದಿಂದ ಹುಟ್ಟುವ ಲೇಸರ್ ಕಿರಣದಿಂದ ಸುತ್ತಲೂ ಕಾಯಿಸಿ, ಮೆತ್ತಗಾದಾಗ ಯಂತ್ರದಿಂದ ಎಳೆಯುತ್ತಾರೆ. ೬೦ ಸೆಂಟಿಮೀಟರು ಉದ್ದ, ೦.೪ ಮಿಲಿಮೀಟರು ದಪ್ಪದ ಎಳೆ ಬರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದವರು ಈ ವಿದ್ಯೆಯಲ್ಲಿ ಮುಂದಾಳುಗಳು. ಕನ್ನಡಿಯ ಎರಡು ಪಕ್ಕಗಳಲ್ಲಿಯೂ ಕಿವಿಗಳೆಂದು ಕರೆಯುವ ಸಣ್ಣ ಗಾಜಿನ ತುಂಡುಗಳನ್ನು ಕೂಡಿಸಿ, ಅವುಗಳಿಗೆ ಎಳೆಯ ತುದಿಯನ್ನು ಬೆಸೆಯುತ್ತಾರೆ. ನಾಲ್ಕು ಎಳೆಗಳು, ಒಂದೊಂದರ ಪಾಲಿಗೂ ೧೦ ಕಿಲೋಗ್ರಾಂ. ಹೊಸದಾಗಿ ಎಳೆದ ಗಾಜಿನ ಬಲವನ್ನು ಕಂಡರೆ ಆಶ್ಚರ್ಯವಾಗುತ್ತದೆ. ಅದು ಹೊತ್ತದ್ದರ ಹಲವು ಪಾಲು ಭಾರವನ್ನೂ ತಡೆಯಬಲ್ಲದು. ಆದರೆ ಆ ಬಲವೆಲ್ಲ ಇರುವುದು ಮೈಯ ನುಣುಪಿನಲ್ಲಿ. ಬೆರಳು ಸೋಕಿದರೆ, ಒಂದು ಕಣ ತಗುಲಿದರೆ, ಮೈಮೇಲೆ ಕಾಣದಂಥ ಗೀರು ಬೀಳುತ್ತದೆ. ಎಳೆತದಲ್ಲಿರುವ ಗಾಜಿನ ಗೀರು ಬಟ್ಟೆಯ ಹರಕಿನ ಹಾಗೆ. ಒಮ್ಮೆ ಆರಂಭವಾದರೆ ನಿಲ್ಲುವುದಿಲ್ಲ. ಭಾರದಿಂದ ಮುರಿಯದ ವಸ್ತು ಸ್ಪರ್ಶದಿಂದ ಮುರಿಯುತ್ತದೆ.

ಈಗ ಗೃಹದೊಳಕ್ಕೆ ಹೋಗೋಣ. ದೊಡ್ಡ ಕನ್ನಡಿಗಳಿರುವ ನಿರ್ವಾತಗೃಹವು ಸುಮಾರು ಮೂರಾಳೆತ್ತರದ ಉಕ್ಕಿನ ಉರುಳೆ. ನೆತ್ತಿಯ ಮೇಲೆ ತೆಗೆದಿಡಬಹುದಾದ ಗುಮ್ಮಟದ ಮುಚ್ಚಳ, ಪಕ್ಕದಲ್ಲಿ ಆಳು ನುಸುಳುವಷ್ಟು ಬಾಗಿಲು. ತೆರೆದ ಗೃಹದ ಸುತ್ತಲೂ ಪರದೆ ಕಟ್ಟಿ, ಮೇಲಿನಿಂದ ಸೋಸಿದ ಗಾಳಿಯನ್ನು ನಿಲ್ಲದೆ ಇಳಿಸುತ್ತಾರೆ. ಒಳಗಿಂದಲೂ ಒಣಗಿದ ಶುದ್ಧವಾದ ಗಾಳಿಯು ಹೊರಕ್ಕೆ ಬೀಸುತ್ತಿರುತ್ತದೆ, ಹೊರಗಿನ ಧೂಳು ಬಾಗಿಲಲ್ಲಿಯೇ ಹಿಂದಿರುಗಲೆಂದು. ಒಳಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿಯ ನಿಲುವಂಗಿ, ಮುಸುಕು, ಮುಖವಸ್ತ್ರ, ಕೈಗವಸು ಧರಿಸಿರುತ್ತಾರೆ. ಹೊರಗೆ ಕಾಣುವುದು ಕಣ್ಣು ಮಾತ್ರ.

ನಮ್ಮ ಅಜ್ಜಿಯರ ಮಡಿಯನ್ನು ಕಂಡವರಿಗೆ ಇದೇನೂ ಹೊಸತಲ್ಲ. ಮಡಿಯ ಕೈಯಿಂದ ಹೊರಗಿನ ಪಾತ್ರೆಯನ್ನು ಮುಟ್ಟಿದರೆ ಅಜ್ಜಿ ಮತ್ತೆ ಕೈತೊಳೆಯುತ್ತಿದ್ದಳಲ್ಲವೆ? ಇಲ್ಲಿಯೂ ಹಾಗೆಯೇ, ಮುಖವನ್ನು ಮುಟ್ಟಿಕೊಂಡರೆ ಕೈಗವಸನ್ನು ಎಸೆದು ಬೇರೆ ಹಾಕಿಕೊಳ್ಳಬೇಕು. ಆದರೆ ಈ ಮಡಿ ಮನುಷ್ಯರಲ್ಲಿ ಭೇದವೆಣಿಸುವುದಿಲ್ಲ. ನಿರ್ದೇಶಕನ ಚರ್ಮವೂ ಕಸ ಗುಡಿಸುವವನ ಚರ್ಮವೂ ಗಾಜಿಗೆ ಒಂದೇ ಸಮನಾದ ಮೈಲಿಗೆ. ಕಾರಣವೂ ಸ್ಪಷ್ಟವಾಗಿದೆ. ಬೆರಳಿನ ಗುರುತೆಂದರೆ ಜಿಡ್ಡು. ಗಾಳಿಯಿದ್ದಾಗ ಅದು ಇದ್ದಲ್ಲಿಯೇ ಇರುತ್ತದೆ. ನಿರ್ವಾತದಲ್ಲಿ ಆವಿಯಾಗಿ ಹೊರಟು ಎಲ್ಲೋ ಹೋಗಿ ಕೂರುತ್ತದೆ. ಆ ಎಲ್ಲೋ ಎಂಬುದು ಕನ್ನಡಿಯ ಮುಖವಾದರೆ, ಅಲ್ಲಿ ಬೆಳಕು ಅದನ್ನು ಸುಟ್ಟು ಕಲೆ ಮಾಡುತ್ತದೆ.

ಜಿಡ್ಡು ಬೇಡವೆಂದರೆ ಬೋಲ್ಟುಗಳಿಗೆ ಎಣ್ಣೆಯಿಲ್ಲ, ಗ್ರೀಸಿಲ್ಲ. ಎಣ್ಣೆಯಿಲ್ಲದ ಉಕ್ಕಿಗೆ ಉಕ್ಕನ್ನು ತಿರುಗಿಸಿ ಬಿಗಿದರೆ ಎರಡೂ ಕಚ್ಚಿಕೊಂಡು ಬಿಡುವುದೇ ಇಲ್ಲ. ಆದುದರಿಂದ ಇಲ್ಲಿಯ ಬೋಲ್ಟುಗಳಿಗೆ ಬೆಳ್ಳಿಯ ಲೇಪ ಕೊಡುತ್ತಾರೆ. ಮೃದುವಾದ ಬೆಳ್ಳಿಯೇ ಎಣ್ಣೆಯ ಕೆಲಸವನ್ನು ಮಾಡುತ್ತದೆ. ಬೆಳ್ಳಿಯ ಬೋಲ್ಟು ಎಂದೊಡನೆ ಇದೇನು ರಾಜಭೋಗವೆಂದು ನಗುವವರು ಕಚ್ಚಿಕೊಂಡ ಬೋಲ್ಟೊಂದನ್ನು ಗರಗಸದಿಂದ ಕೊಯ್ದರೆ ಉದುರುವ ಲೋಹದ ಪುಡಿಯನ್ನು ನೆನೆಯಬೇಕು. ಪ್ರತಿಯೊಂದು ಉಪಕರಣವನ್ನೂ ತೊಳೆದು ಒಲೆಯಲ್ಲಿ ಬೇಯಿಸಿಯೇ ಒಳಗೆ ತರುವುದು. ತಂದದ್ದನ್ನು ಬರೆದಿಡುವುದು, ಹೊರಗೆ ಒಯ್ದದ್ದನ್ನೂ ಬರೆದಿಡುವುದು. ಲೆಕ್ಕದಲ್ಲಿ ಒಂದು ತಿರುಪು ಕಡಿಮೆಯಾದರೆ ಅದು ಸಿಕ್ಕುವವರೆಗೆ ಬಾಗಿಲು ಮುಚ್ಚುವಂತಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ಇದೇ ನಿಯಮವಷ್ಟೆ.

ಮೇಲಿನ ಪೀಠವನ್ನೂ ಲೋಲಕಗಳ ಚೌಕಟ್ಟನ್ನೂ ಹೊರಗೆ ನಿರ್ಮಲವಾದ ಸ್ಥಳದಲ್ಲಿ ಜೋಡಿಸಿ, ಪರೀಕ್ಷಿಸಿ, ಒಂದೇ ಕಟ್ಟಾಗಿ ಕ್ರೇನಿನಿಂದ ಎತ್ತಿ, ಗೃಹದ ತೆರೆದ ನೆತ್ತಿಯಿಂದ ಒಳಕ್ಕಿಳಿಸುತ್ತಾರೆ. ತೇರನ್ನು ತೇರುಮನೆಗೆ ಹಿಂದುಹಿಂದಾಗಿ ನೂಕುವುದನ್ನು ಕಂಡವರು ಆ ಹೊತ್ತಿನ ಮೌನವನ್ನು ಊಹಿಸಿಕೊಳ್ಳಬಹುದು. ಒಬ್ಬನ ಕಣ್ಣು ಒಂದು ಮೂಲೆಯ ಮೇಲೆ, ಇನ್ನೊಬ್ಬನದು ಇನ್ನೊಂದರ ಮೇಲೆ. ಇಳಿಸು ಎನ್ನುವ ಅಧಿಕಾರ ಒಬ್ಬನಿಗೆ, ನಿಲ್ಲಿಸು ಎನ್ನುವ ಅಧಿಕಾರ ಎಲ್ಲರಿಗೂ. ಕನ್ನಡಿಯ ಸುತ್ತಲೂ ಸಣ್ಣ ಸಣ್ಣ ತಡೆಗಳಿರುತ್ತವೆ. ಭೂಕಂಪವಾದರೆ ಅದನ್ನು ಹಿಡಿಯುವುದಕ್ಕಾಗಿ ಇರುವುದರಿಂದ ಅವುಗಳಿಗೆ ಭೂಕಂಪದ ತಡೆಗಳೆಂದೇ ಹೆಸರು. ಕೆಲಸ ನಡೆಯುವಾಗ ಈ ತಡೆಗಳು ಕನ್ನಡಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಿರುತ್ತವೆ. ಎಲ್ಲ ಮುಗಿದ ಮೇಲೆ ಅವನ್ನು ಕೂದಲೆಳೆಯಂತೆ ಹಿಂದಕ್ಕೆ ತಿರುಗಿಸಿ, ಕನ್ನಡಿಯ ಭಾರವನ್ನು ಎಳೆಗಳಿಗೆ ಒಪ್ಪಿಸಬೇಕು. ನನ್ನ ಮಟ್ಟಿಗೆ ಇಡೀ ಕಾರ್ಯದಲ್ಲಿ ಅತ್ಯಂತ ಗಂಭೀರವಾದ ಕ್ಷಣ ಇದೇ. ತಡೆಯೊಂದು ಸ್ವಲ್ಪವೇ ತಗುಲಿಕೊಂಡು ಉಳಿದರೂ ನೆಲದ ನಡುಕವೆಲ್ಲ ಅದರ ಮೂಲಕ ಕನ್ನಡಿಗೆ ಬರುತ್ತದೆ, ನಾಲ್ಕು ಲೋಲಕಗಳೂ ವ್ಯರ್ಥವಾಗುತ್ತವೆ. ಕೆಲವು ಸಲ ಅದು ತಿಳಿಯುವುದು ಬಾಗಿಲು ಮುಚ್ಚಿ ಗಾಳಿ ತೆಗೆದ ಮೇಲೆಯೇ.

ಇಷ್ಟು ದಿನ ಕನ್ನಡಿಯ ಮುಖವನ್ನು ಕಾಪಾಡಿದ್ದು ಒಂದು ತೆಳುವಾದ ಪೊರೆ. ದ್ರವರೂಪದಲ್ಲಿ ಬಳಿದರೆ ಒಣಗಿ ಪೊರೆಯಾಗುತ್ತದೆ. ಸುಲಿದು ತೆಗೆದರೆ ಮೇಲೆ ಕುಳಿತಿದ್ದ ಧೂಳನ್ನೂ ತನ್ನೊಡನೆ ಕೊಂಡೊಯ್ಯುತ್ತದೆ. ಆದರೆ ಸುಲಿಯುವಾಗ ಗಾಜಿನ ಮೇಲೆ ವಿದ್ಯುತ್ತು ಹುಟ್ಟುತ್ತದೆ. ಒಣ ಹವೆಯಲ್ಲಿ ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಅದೇ ವಿದ್ಯುತ್ತು. ಸುಮ್ಮನೆ ಬಿಟ್ಟರೆ ಆಗ ತಾನೇ ಶುಚಿಯಾದ ಕನ್ನಡಿ ಸುತ್ತಲಿನ ಧೂಳನ್ನೆಲ್ಲ ಕರೆದುಕೊಂಡುಬಿಡುತ್ತದೆ. ಮೇಲಾಗಿ ಗಾಳಿಯೇ ಇಲ್ಲದ ಕಡೆ ಆ ವಿದ್ಯುತ್ತು ಹರಿದುಹೋಗುವುದಕ್ಕೂ ದಾರಿಯಿಲ್ಲ. ಆದುದರಿಂದ ವಿದ್ಯುತ್ಕಣಗಳಿಂದ ಕೂಡಿದ ಸಾರಜನಕವನ್ನು ಊದುತ್ತ ಊದುತ್ತ ಪೊರೆಯನ್ನು ಮೆಲ್ಲನೆ ಸುಲಿಯುತ್ತಾರೆ. ಇದು ಒಳಗೆ ಮಾಡುವ ಕೊನೆಯ ಕೆಲಸಗಳಲ್ಲೊಂದು. ಬಾಗಿಲು ಮುಚ್ಚಿದ ಮೇಲೆ ಮನುಷ್ಯನ ಕೈ ಅಲ್ಲಿಗೆ ತಲುಪುವುದಿಲ್ಲ. ಮೇಲಿನ ಲೋಲಕಗಳನ್ನು ಅಯಸ್ಕಾಂತಗಳಿಂದಲೂ, ಕಡೆಯ ಕನ್ನಡಿಯನ್ನು ವಿದ್ಯುದಾಕರ್ಷಣೆಯಿಂದಲೂ, ಮುಟ್ಟದೆಯೇ ನೂಕುತ್ತ ಸರಿಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಎಚ್ಚರಿಕೆಯಿಂದ ಮಾಡಿದ ಕೆಲಸವೂ ಕೆಡಬಹುದೆ? ಇಟಲಿಯ ಪೀಸಾ ನಗರದ ಹತ್ತಿರ ಕಾಶಿನಾ ಎಂಬಲ್ಲಿ ವಿರ್ಗೋ ಎಂಬ ಇದೇ ಬಗೆಯ ವೀಕ್ಷಣಾಲಯವಿದೆ. ತೋಳಿನ ಉದ್ದ ೩ ಕಿಲೋಮೀಟರು. ಕನ್ನಡಿಯ ತೂಕ ೪೨ ಕಿಲೋಗ್ರಾಂ. ಗಾಜಿನ ಎಳೆಯ ವಿದ್ಯೆ ಅವರಿಗೇನೂ ಹೊಸದಲ್ಲ. ೨೦೧೦ರಲ್ಲಿಯೇ ಹಿಂದಿನ ಯಂತ್ರದಲ್ಲಿ ಅದನ್ನು ಬಳಸಿದ್ದರು. ಆದರೆ ಯಂತ್ರವನ್ನು ಉತ್ತಮಗೊಳಿಸಿ ಹೊಸ ಕನ್ನಡಿಗಳನ್ನು ತೂಗಿದಾಗ, ೨೦೧೫–೧೬ರ ಸುಮಾರಿನಲ್ಲಿ, ಎಳೆಗಳು ಮುರಿಯತೊಡಗಿದವು. ಒಂದು ಮುರಿದರೆ ಆಕಸ್ಮಿಕ. ಒಂದಾದ ಮೇಲೊಂದು ಮುರಿದರೆ ಅದಕ್ಕೆ ಆಕಸ್ಮಿಕವೆನ್ನುವುದು ಸಾಧ್ಯವಿಲ್ಲ. ಹೊರಗಿನ ಪರೀಕ್ಷೆಯಲ್ಲಿ ಗೆದ್ದಿದ್ದ ಎಳೆ ಒಳಗೆ ಸೋಲುತ್ತಿತ್ತು. ಒಂದೊಂದು ಸಲವೂ ನಿರ್ವಾತವನ್ನು ಬಿಟ್ಟುಕೊಟ್ಟು, ಗೃಹವನ್ನು ತೆರೆದು, ಕನ್ನಡಿಯನ್ನು ಹೊರತೆಗೆದು, ಹೊಸ ಎಳೆ ಬೆಸೆದು, ಮತ್ತೆ ಮೊದಲಿನಿಂದ ಆರಂಭ.

ಆ ವೇಳೆಗೆ ಅಮೆರಿಕದ ಯಂತ್ರಗಳು ಅಲೆಗಳನ್ನು ಹಿಡಿಯುತ್ತಿದ್ದವು. ೨೦೧೬ರ ನವೆಂಬರ್ ೩೦ರಂದು ಅವುಗಳ ಎರಡನೆಯ ವೀಕ್ಷಣಾವಧಿ ಮೊದಲಾಯಿತು. ಎರಡೇ ಯಂತ್ರಗಳಿದ್ದರೆ ಅಲೆ ಬಂದದ್ದು ತಿಳಿಯುತ್ತದೆಯೇ ಹೊರತು ಯಾವ ದಿಕ್ಕಿನಿಂದ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಮೂರನೆಯ ಕಿವಿ ಬೇಕು. ಇತ್ತ ವಿರ್ಗೋ ಮುರಿದ ಎಳೆಗಳನ್ನು ಹಿಡಿದು ಕುಳಿತಿತ್ತು. ಅಲ್ಲಿಯವರ ಮುಂದಿದ್ದುದು ಎರಡು ದಾರಿ. ಮುರಿಯುವ ಕಾರಣವನ್ನು ಪೂರ್ಣವಾಗಿ ಕಂಡುಹಿಡಿದು ಗಾಜಿನ ಎಳೆಯಲ್ಲಿಯೇ ತೂಗುವುದು; ಆದರೆ ಅಷ್ಟರಲ್ಲಿ ಅವಧಿಯೇ ಮುಗಿದುಹೋಗಬಹುದು. ಇಲ್ಲವೆ, ಇದಕ್ಕಾಗಿಯೇ ಕೈಬಿಟ್ಟಿದ್ದ ಉಕ್ಕಿನ ತಂತಿಗೆ ಹಿಂದಿರುಗುವುದು. ಆಗ ಯಂತ್ರದ ಕಿವಿ ಮಂದವಾಗುವುದು ಖಂಡಿತ. ವರ್ಷಗಟ್ಟಲೆ ಗಾಜಿನ ಎಳೆಗಾಗಿ ದುಡಿದವರು ತಾವಾಗಿಯೇ ಉಕ್ಕಿನ ತಂತಿಯನ್ನು ಒಪ್ಪುವುದು ಸುಲಭವಾಗಿರಲಾರದು. ಆದರೂ ಅವರು ತಂತಿಯನ್ನೇ ಆರಿಸಿಕೊಂಡರು. ಪೂರ್ಣವಾದುದಕ್ಕಾಗಿ ಕಾದು ಕುಳಿತು ಹೊತ್ತನ್ನು ಕಳೆದುಕೊಂಡ ಯಂತ್ರಶಿಲ್ಪಿಗಳ ಕಥೆಗಳು ಬೇಕಾದಷ್ಟಿವೆ; ಇವರ ವಿವೇಕ ಬೇರೆ.

ಮುರಿಯುವುದರ ಕಾರಣವೂ ಕಡೆಗೆ ಸಿಕ್ಕಿತು. ದೋಷವಿದ್ದುದು ಎಳೆಯಲ್ಲಲ್ಲ. ನಿರ್ವಾತ ವ್ಯವಸ್ಥೆಯೊಳಗೇ ಸೂಕ್ಷ್ಮವಾದ ಧೂಳು ಇತ್ತು; ಗೃಹಕ್ಕೆ ಗಾಳಿಯನ್ನು ಒಳಬಿಡುವಾಗ ಆ ಕಣಗಳು ರಭಸದಿಂದ ಹಾರಿ ಎಳೆಯ ಮೈಗೆ ಬಡಿಯುತ್ತಿದ್ದವು. ಗಾಜಿಗೆ ಸ್ಪರ್ಶವೇ ಸಾವೆಂದು ಆಗಲೇ ಹೇಳಿದೆನಷ್ಟೆ. ಮನುಷ್ಯನ ಬೆರಳನ್ನು ದೂರವಿಡುವುದಕ್ಕಾಗಿ ಅಷ್ಟು ಮಡಿ ಮಾಡಿದ ಮನೆಗೆ ಮೈಲಿಗೆ ಬಂದದ್ದು ಕಾವಲುಗಾರನ ಕೈಯಿಂದಲೇ.

೨೦೧೭ರ ಆಗಸ್ಟ್ ೧ರಂದು, ಉಕ್ಕಿನ ತಂತಿಗಳಲ್ಲಿ ತೂಗಿದ ಕನ್ನಡಿಗಳೊಡನೆ, ವಿರ್ಗೋ ವೀಕ್ಷಣೆಯನ್ನು ಸೇರಿಕೊಂಡಿತು. ಅವಧಿ ಮುಗಿಯುವುದು ಅದೇ ತಿಂಗಳ ೨೫ಕ್ಕೆ. ಉಳಿದಿದ್ದುದು ನಾಲ್ಕು ವಾರವೂ ಇಲ್ಲ. ೧೪ರಂದು ಕಪ್ಪುಕುಳಿಗಳ ಸಂಘಟ್ಟನೆಯೊಂದರ ಅಲೆ ಮೂರು ಯಂತ್ರಗಳಿಗೂ ಮುಟ್ಟಿತು. ಎರಡೇ ಯಂತ್ರಗಳಾಗಿದ್ದರೆ ಆಕಾಶದಲ್ಲಿ ೧,೧೬೦ ಚದರ ಡಿಗ್ರಿಗಳಷ್ಟು ಹುಡುಕಬೇಕಾಗಿದ್ದ ಸ್ಥಳ ೬೦ಕ್ಕೆ ಇಳಿಯಿತು. ಮೂರು ದಿನಗಳಾದ ಮೇಲೆ, ೧೭ರಂದು, ಬಂದದ್ದು ಇನ್ನೂ ದೊಡ್ಡ ಅತಿಥಿ: ಎರಡು ನ್ಯೂಟ್ರಾನ್ ನಕ್ಷತ್ರಗಳ ಸಂಘಟ್ಟನೆ. ಈ ಸಲ ಅಮೆರಿಕದ ಯಂತ್ರಗಳಲ್ಲಿ ಸಂಕೇತ ಸ್ಪಷ್ಟವಾಗಿತ್ತು, ವಿರ್ಗೋದಲ್ಲಿ ಬಹಳ ಮಂದ. ಆ ಮಂದತೆಯೇ ಉಪಯೋಗಕ್ಕೆ ಬಂದ ರೀತಿ ಸ್ವಾರಸ್ಯವಾಗಿದೆ. ಇಂಥ ಪ್ರತಿಯೊಂದು ಯಂತ್ರಕ್ಕೂ ತನಗೆ ಕೇಳಿಸದ ಕೆಲವು ದಿಕ್ಕುಗಳುಂಟು. ಕೇಳಬೇಕಾದ ಯಂತ್ರಕ್ಕೆ ಸರಿಯಾಗಿ ಕೇಳಿಸಲಿಲ್ಲವೆಂದರೆ, ಮೂಲವು ಅದರ ಕಿವುಡು ದಿಕ್ಕಿನ ಸಮೀಪದಲ್ಲಿಯೇ ಇರಬೇಕು! ಹುಡುಕುವ ಸ್ಥಳ ಸುಮಾರು ೩೦ ಚದರ ಡಿಗ್ರಿಗೆ ಇಳಿಯಿತು. ಸುಮಾರು ೧೧ ಗಂಟೆಗಳೊಳಗಾಗಿ ದಕ್ಷಿಣ ಅಮೆರಿಕದ ಚಿಲಿ ದೇಶದ ದೂರದರ್ಶಕವೊಂದು ೧೩ ಕೋಟಿ ಜ್ಯೋತಿರ್ವರ್ಷಗಳ ದೂರದ ನಕ್ಷತ್ರಲೋಕವೊಂದರಲ್ಲಿ ಹೊಸ ಬೆಳಕನ್ನು ಕಂಡಿತು. ಚಿನ್ನ, ಪ್ಲಾಟಿನಂ ಮೊದಲಾದ ಭಾರವಾದ ಧಾತುಗಳು ಇಂಥ ಸಂಘಟ್ಟನೆಗಳಲ್ಲಿ ಹುಟ್ಟುತ್ತವೆಂಬುದಕ್ಕೆ ಆ ಬೆಳಕಿನಲ್ಲಿ ಸಾಕ್ಷ್ಯ ದೊರೆಯಿತು.

ವಿರ್ಗೋದವರು ಗಾಜನ್ನು ಮರೆಯಲಿಲ್ಲ. ಆ ಅವಧಿ ಮುಗಿದ ಮೇಲೆ, ೨೦೧೮ರಲ್ಲಿ, ಉಕ್ಕಿನ ತಂತಿಗಳನ್ನು ತೆಗೆದು ಗಾಜಿನ ಎಳೆಗಳನ್ನೇ ಮತ್ತೆ ಹಾಕಿದರು. ೨೦೧೯ರ ಏಪ್ರಿಲ್ ೧ರಂದು ಮೊದಲಾದ ಮೂರನೆಯ ಅವಧಿಯಲ್ಲಿ ವಿರ್ಗೋದ ಕನ್ನಡಿಗಳು ಗಾಜಿನಲ್ಲಿಯೇ ತೂಗಿದವು.

ಇದೆಲ್ಲ ಪರದೇಶದ ಸಂಗತಿ, ನಮಗೇನು ಎಂದು ಯಾರಾದರೂ ಕೇಳುವುದಕ್ಕೆ ಮುಂಚೆ ಒಂದು ಮಾತು. ಲೈಗೋದವರು ಮೊದಲು ಮೂರು ಯಂತ್ರಗಳಿಗೆ ಬೇಕಾದ ಭಾಗಗಳನ್ನು ಸಿದ್ಧಮಾಡುವ ಸಂಕಲ್ಪದಲ್ಲಿದ್ದರು. ಮೂರನೆಯ ಯಂತ್ರದ ಭಾಗಗಳನ್ನು ಭರತಖಂಡಕ್ಕೆ ಕೊಡುವುದೆಂದು ಗೊತ್ತಾಯಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ನಾಗನಾಥನ ಕ್ಷೇತ್ರವೆಂದು ಹೆಸರಾದ ಔಂಢಾ ಊರಿನ ಹತ್ತಿರ, ಅದಕ್ಕೆ ಸ್ಥಳವನ್ನು ಆರಿಸಿದರು. ಕೇಂದ್ರ ಸಂಪುಟವು ೨೦೧೬ರ ಫೆಬ್ರುವರಿಯಲ್ಲಿ ತಾತ್ತ್ವಿಕವಾಗಿಯೂ, ೨೦೨೩ರ ಏಪ್ರಿಲಿನಲ್ಲಿ ಸುಮಾರು ೨,೬೦೦ ಕೋಟಿ ರೂಪಾಯಿಗಳ ವೆಚ್ಚಕ್ಕೆ ಪೂರ್ಣವಾಗಿಯೂ ಒಪ್ಪಿಗೆ ಕೊಟ್ಟಿತು. ಪುಣೆ, ಇಂದೂರು, ಗಾಂಧಿನಗರಗಳ ಸಂಶೋಧನಾಲಯಗಳು ಇದರ ಹೊಣೆ ಹೊತ್ತಿವೆ. ಬೆಂಗಳೂರಿನ ವಿಜ್ಞಾನಿಗಳೂ ಅಲೆಗಳ ಗಣಿತದಲ್ಲಿ ಮೊದಲಿನಿಂದ ದುಡಿದವರೇ.

ಗಣಿತಕ್ಕೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. ಆದರೆ ಮುಖವಸ್ತ್ರ ಕಟ್ಟಿಕೊಂಡು, ಬೆಳ್ಳಿಯ ಬೋಲ್ಟುಗಳನ್ನು ಎಣಿಸಿಕೊಂಡು, ಉಕ್ಕಿನ ಗೃಹದೊಳಗೆ ಮಂಡಿಯೂರಿ ಕೂತು, ತಡೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುವ ಕೈಗಳು ಪುಸ್ತಕದಿಂದ ಹುಟ್ಟುವುದಿಲ್ಲ. ನಮ್ಮ ಹುಡುಗರಲ್ಲಿ ಕೈಕೆಲಸವೆಂದರೆ ಪದವಿಗೆ ಕಡಿಮೆಯೆಂಬ ಭಾವನೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಈ ಕೆಲಸಕ್ಕೆ ಬರುವವರು ಅದನ್ನು ನಿಲುವಂಗಿ ತೊಡುವ ಕೋಣೆಯ ಹೊರಗೇ ಬಿಟ್ಟುಬರಬೇಕಾಗುತ್ತದೆ. ಔಂಢಾದ ಸುತ್ತಲಿನದು ಎರೆಯ ಭೂಮಿ. ಬೇಸಗೆಯಲ್ಲಿ ಬಿರುಕುಬಿಟ್ಟು ಒಣಗಿ, ಗಾಳಿಯೆದ್ದರೆ ಕಣ್ಣು ತೆರೆಯಲಾಗದಷ್ಟು ಧೂಳು. ಅಂಥ ನೆಲದ ಮಧ್ಯದಲ್ಲಿ ಪರದೆ ಕಟ್ಟಿ, ಸೋಸಿದ ಗಾಳಿಯನ್ನು ಇಳಿಸಿ, ಒಂದು ದಿನ ಪೊರೆಯನ್ನು ಸುಲಿದು ನಾಲ್ವತ್ತು ಕಿಲೋಗ್ರಾಂ ಕನ್ನಡಿಯನ್ನು ನಾಲ್ಕು ಗಾಜಿನ ಎಳೆಗಳಿಗೆ ಒಪ್ಪಿಸಬೇಕಾಗಿದೆ.